ಅಗ್ಗದ ಯುಎಸ್‌ಬಿ ಕಾರು ಸ್ಕ್ಯಾನರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಇಎಲ್‌ಎಂ327 ಎಂಬ ಹೆಸರಿನಲ್ಲಿ ಮಾರಾಟವಾಗುವ, ಒಂದು ಕಡೆ ಕಾರಿನ ಪರೀಕ್ಷಾ ಸಾಕೆಟ್ಟಿಗೂ ಇನ್ನೊಂದು ಕಡೆ ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪಿಗೂ ಜೋಡಿಸುವ ಅಗ್ಗದ ಸ್ಕ್ಯಾನರೊಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಚೆಕ್ ಎಂಜಿನ್ ದೀಪ ಹೊತ್ತಿದಾಗ ಅದಕ್ಕೆ ಕಾರಣವಾದ ದೋಷಸಂಕೇತವನ್ನು ಮನೆಯಲ್ಲೇ ಓದಿಕೊಳ್ಳಲು, ಎಂಜಿನ್ನಿನ ತಾಪಮಾನ, ತಿರುಗುವ ವೇಗ, ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಮುಂತಾದವನ್ನು ಗಮನಿಸಲು ಇಷ್ಟು ಸಾಕು. ಆದರೂ ಕೊಂಡವರಲ್ಲಿ ಅನೇಕರು ‘ಕಾರಿನೊಂದಿಗೆ ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಸಂದೇಶ ಕಂಡೊಡನೆ ಇದನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಆ ಸಂದೇಶ ಕಾರಿನತ್ತ ಬೆರಳು ತೋರಿಸುತ್ತದೆಯಾದರೂ, ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಇರುವುದು ಕಾರನ್ನು ತಲುಪುವ ಮೊದಲೇ, ಅಂದರೆ ಲ್ಯಾಪ್‌ಟಾಪ್ ಮತ್ತು ಅಡಾಪ್ಟರಿನ (ಈ ಸ್ಕ್ಯಾನರಿನ) ನಡುವೆ.

ಅಡಾಪ್ಟರಿನ ಒಳಗೆ ಎರಡು ಮುಖ್ಯ ಚಿಪ್‌ಗಳಿರುತ್ತವೆ. ಒಂದು ಕಾರಿನ ಭಾಷೆಯನ್ನು ಸಾಮಾನ್ಯ ಅಕ್ಷರಗಳಿಗೆ ಬದಲಿಸುತ್ತದೆ. ಇನ್ನೊಂದು ಆ ಅಕ್ಷರಗಳನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ದಾಟಿಸುತ್ತದೆ. ಈ ಎರಡನೆಯ ಚಿಪ್ ಯಾವುದೆಂಬುದೇ ಮೊದಲ ಪ್ರಶ್ನೆ. ಎಫ್‌ಟಿ232, ಸಿಎಚ್340, ಸಿಪಿ2102, ಪಿಎಲ್2303 ಇವುಗಳಲ್ಲಿ ಯಾವುದಾದರೂ ಇರಬಹುದು, ಪ್ರತಿಯೊಂದಕ್ಕೂ ಬೇರೆ ಬೇರೆ ಡ್ರೈವರ್ (ಕಂಪ್ಯೂಟರಿಗೆ ಆ ಚಿಪ್ಪನ್ನು ಬಳಸಲು ಕಲಿಸುವ ತಂತ್ರಾಂಶ) ಬೇಕು. ನಕಲಿ ಚಿಪ್ ಆಗಿದ್ದರೆ ಸರಿಯಾದ ಡ್ರೈವರ್ ಹಾಕಿದರೂ ಅದು ಕೆಲಸ ಮಾಡದಿರಬಹುದು: 2014ರಲ್ಲಿ, ಎಫ್‌ಟಿ232 ತಯಾರಿಸುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆಯಾಗಿಸಿತ್ತು. ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರುಗಳು ನಕಲಿ ಪಿಎಲ್2303 ಕಂಡರೆ ‘ಕೋಡ್ 10’ ಎಂಬ ದೋಷ ತೋರಿಸಿ ನಿಂತುಬಿಡುತ್ತವೆ. ನನ್ನ ಬಳಿ ಇರುವುದು ಸಿಎಚ್340 ಚಿಪ್ಪಿನದು. ಮಾರಿದವರು ಜೊತೆಗೆ ಕೊಟ್ಟ ಸಿಡಿಯಲ್ಲಿ ಬೇರೊಂದು ಚಿಪ್ಪಿನ ಡ್ರೈವರ್ ಇತ್ತು. ಆದ್ದರಿಂದ ಆ ಸಿಡಿಯನ್ನು ನೆಚ್ಚದೆ, ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಗುರುತಿನ ಸಂಖ್ಯೆಯನ್ನು ನೋಡಿ, ಚಿಪ್ ತಯಾರಕರ ಡ್ರೈವರನ್ನೇ ಹಾಕಿಕೊಳ್ಳುವುದು ಉತ್ತಮ.

ಡ್ರೈವರ್ ಕುಳಿತ ಮೇಲೆ ನೇರವಾಗಿ ದೊಡ್ಡ ತಂತ್ರಾಂಶವನ್ನು ತೆರೆಯುವುದಕ್ಕಿಂತ, ಅಕ್ಷರಗಳನ್ನು ಕಳಿಸಿ ಉತ್ತರ ಓದುವ ಸರಳ ಟರ್ಮಿನಲ್ ತಂತ್ರಾಂಶವನ್ನು ತೆರೆಯಬೇಕೆಂಬುದು ನನ್ನ ಖಚಿತ ಸಲಹೆ. ಅಡಾಪ್ಟರಿಗೆ ಸಿಕ್ಕಿರುವ ಕಾಮ್ ಪೋರ್ಟನ್ನು (ಡಿವೈಸ್ ಮ್ಯಾನೇಜರಿನಲ್ಲಿ ಕಾಣುವ ಕಾಮ್ ಸಂಖ್ಯೆ) ಆರಿಸಿ, ಸಂವಹನದ ವೇಗವನ್ನು 38400ಕ್ಕೆ ಇಟ್ಟು, ‘ಎಟಿಜೆಡ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಅಡಾಪ್ಟರ್ ಮತ್ತೆ ಆರಂಭಗೊಂಡು ತನ್ನ ಹೆಸರು ಹೇಳಬೇಕು. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ ಎಂದರ್ಥ. 9600 ಅಥವಾ 115200 ಪ್ರಯತ್ನಿಸಬೇಕು. ಏನೂ ಬಾರದಿದ್ದರೆ ಪೋರ್ಟ್ ತಪ್ಪಿರಬಹುದು, ಅಥವಾ ಹಿಂದೆ ತೆರೆದ ಇನ್ನೊಂದು ತಂತ್ರಾಂಶ ಅದೇ ಪೋರ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ನನ್ನದರಂಥ ಅಡಾಪ್ಟರಿಗೆ ಈ ಹಂತದಲ್ಲಿ ಕಾರು ಬೇಕಾಗಿಯೇ ಇಲ್ಲ, ಮೇಜಿನ ಮೇಲೆಯೇ ಪರೀಕ್ಷೆ ಮುಗಿಯುತ್ತದೆ.

ಇದೇ ಕಾರಣದಿಂದ ಅಡಾಪ್ಟರಿನ ದೀಪ ಉರಿಯುವುದನ್ನು ನಂಬಿ ಕಾರಿನ ಕಡೆಯ ವಿದ್ಯುತ್ ಸರಿಯಿದೆ ಎಂದು ತೀರ್ಮಾನಿಸಬಾರದು. ಅಡಾಪ್ಟರನ್ನು ಕಾರಿಗೆ ಹಾಕಿ ‘ಎಟಿಆರ್‌ವಿ’ ಎಂದು ಕೇಳಿದರೆ ಅದು ಅಲ್ಲಿನ ವೋಲ್ಟೇಜ್ ಹೇಳುತ್ತದೆ. ಎಂಜಿನ್ ನಿಂತಿರುವಾಗ 12 ವೋಲ್ಟಿನ ಆಸುಪಾಸು ಇರಬೇಕು. ಅಗ್ಗದ ಅಡಾಪ್ಟರುಗಳಲ್ಲಿ ಒಂದು ವೋಲ್ಟಿನ ಕೆಲವು ದಶಾಂಶಗಳಷ್ಟು ವ್ಯತ್ಯಾಸ ಸಾಮಾನ್ಯ. ಸೊನ್ನೆಯ ಹತ್ತಿರದ ಅಂಕಿ ಬಂದರೆ ಮಲ್ಟಿಮೀಟರ್ ಹಿಡಿಯಬೇಕು. ಕಾರಿನ 16 ಪಿನ್‌ಗಳ ಪರೀಕ್ಷಾ ಸಾಕೆಟ್ಟಿನಲ್ಲಿ 16ನೆಯದು ಬ್ಯಾಟರಿಯ ಧನ, 4 ಮತ್ತು 5 ಅರ್ಥ್. ಹಲವು ಕಾರುಗಳಲ್ಲಿ 16ನೆಯ ಪಿನ್ನಿಗೂ ಸಿಗರೇಟ್ ಲೈಟರ್ ಸಾಕೆಟ್ಟಿಗೂ ಒಂದೇ ಫ್ಯೂಸ್ ಇರುವುದರಿಂದ, ಫೋನ್ ಚಾರ್ಜರ್ ಕೆಲಸ ಮಾಡದ ಕಾರಿನಲ್ಲಿ ಸ್ಕ್ಯಾನರ್ ಕೂಡ ಮಾತನಾಡದಿದ್ದರೆ ಮೊದಲು ಆ ಫ್ಯೂಸನ್ನೇ ನೋಡಬೇಕು.

ಇಷ್ಟಾದ ಮೇಲೆ ಇಗ್ನಿಷನ್ ಆನ್ ಮಾಡಿ ‘ಎಟಿಎಸ್‌ಪಿ0’ ಎಂದು ಕೊಟ್ಟರೆ ಅಡಾಪ್ಟರ್ ಕಾರಿನ ಪ್ರೊಟೊಕಾಲನ್ನು, ಅಂದರೆ ಅದು ಮಾತನಾಡುವ ಪದ್ಧತಿಯನ್ನು, ತಾನೇ ಹುಡುಕಲು ಸಿದ್ಧವಾಗುತ್ತದೆ. ಅನಂತರ ‘0100’ ಎಂದು ಕೇಳಬೇಕು. ‘41 00’ ಎಂದು ಆರಂಭವಾಗುವ ಸಾಲು ಬಂದರೆ ಸಂಪರ್ಕ ಸಿಕ್ಕಿದಂತೆಯೇ. ಕೆ-ಲೈನ್ ಎಂಬ ತಂತಿಯ ಮೂಲಕ ಮಾತನಾಡುವ ಹಳೆಯ ಕಾರುಗಳಲ್ಲಿ ತಾಳ್ಮೆ ಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಕಾರುಗಳು, ಸೆಕೆಂಡಿಗೆ ಕೇವಲ 5 ಬಿಟ್‌ಗಳ ವೇಗದಲ್ಲಿ ವಿಳಾಸ ಕಳಿಸಿದ ಮೇಲೆ ಮಾತ್ರ ಎಚ್ಚರಗೊಳ್ಳುತ್ತವೆ, ಅಷ್ಟರೊಳಗೆ ಅವಸರದ ತಂತ್ರಾಂಶಗಳು ಸೋತೆವೆಂದು ಕೈಬಿಡುತ್ತವೆ. ‘ಬಸ್ ಇನಿಟ್’ ಎಂದು ತೋರಿಸಿ ಎರರ್ ಬಂದರೆ ಕೆ-ಲೈನಿನ 7ನೆಯ ಪಿನ್ನಿನ ಕಡೆ ಗಮನ ಹೋಗಬೇಕು. ‘ಕ್ಯಾನ್ ಎರರ್’ ಬಂದರೆ, ಕಾರಿನ ಘಟಕಗಳು ಪರಸ್ಪರ ಮಾತನಾಡುವ ‘ಕ್ಯಾನ್’ ತಂತಿಗಳಿರುವ 6 ಮತ್ತು 14ನೆಯ ಪಿನ್‌ಗಳ ಕಡೆ: ಕಾರಿನ ಬ್ಯಾಟರಿಯ ಸಂಪರ್ಕ ತೆಗೆದು ಈ ಎರಡರ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಆಸುಪಾಸು ಸಿಗುತ್ತದೆ, ಏಕೆಂದರೆ ತಂತಿಜಾಲದ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. 120 ಬಂದರೆ ಒಂದು ತುದಿ ಕಡಿದಿರುವ ಸಾಧ್ಯತೆ ಹೆಚ್ಚು. ಅಳತೆ ಸರಿಯಿದ್ದೂ ಉತ್ತರ ಬಾರದಿದ್ದರೆ ಅಡಾಪ್ಟರಿನ ಪಿನ್‌ಗಳ ಬೆಸುಗೆಯನ್ನು ಭೂತಕನ್ನಡಿಯಲ್ಲಿ ನೋಡಬೇಕು. ನನ್ನದರಲ್ಲಿ 14ನೆಯ ಪಿನ್ನಿನ ಬೆಸುಗೆ ಬಿಟ್ಟುಕೊಂಡಿತ್ತು, ಮತ್ತೆ ಹಾಕಿದ ಮೇಲೆ ಇಂದಿನವರೆಗೂ ಅಲ್ಲಾಡಿಲ್ಲ.

ಸಂಪರ್ಕ ಸಿಕ್ಕಿತೆಂದ ಮಾತ್ರಕ್ಕೆ ಅಂಕಿಗಳು ಸರಿಯಾಗಿವೆ ಎನ್ನಲಾಗದು. ನಾನು ಮಾಡುವ ಪರೀಕ್ಷೆ ಸರಳವಾದುದು. ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನಲ್ಲಿ ಕೂಲಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ತಾಪವನ್ನೂ ಎಂಜಿನ್ನಿಗೆ ಎಳೆದುಕೊಳ್ಳುವ ಗಾಳಿಯ ತಾಪವನ್ನೂ ಓದುತ್ತೇನೆ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ತಂತ್ರಾಂಶದ ಮೇಲೆ ಅನುಮಾನವಿದ್ದರೆ ಲೆಕ್ಕವನ್ನು ನಾವೇ ಮಾಡಬಹುದು: ಕೂಲಂಟಿನ ತಾಪ ಕೇಳುವ ‘0105’ಕ್ಕೆ ‘41 05 7ಬಿ’ ಎಂಬ ಉತ್ತರ ಬಂದರೆ, ಹದಿನಾರರ ಪದ್ಧತಿಯ 7ಬಿ ನಮ್ಮ 123, ಅದರಿಂದ 40 ಕಳೆದರೆ 83 ಡಿಗ್ರಿ ಸೆಲ್ಸಿಯಸ್.

ಮಿತಿಗಳನ್ನೂ ಹೇಳಲೇಬೇಕು. ಕಾರಿನ ಭಾಷೆಯನ್ನು ಬದಲಿಸುವ ಮೂಲ ಇಎಲ್‌ಎಂ327 ಚಿಪ್ಪನ್ನು ರೂಪಿಸಿದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2022ರಲ್ಲಿ ವ್ಯವಹಾರ ನಿಲ್ಲಿಸಿತು. ಅಗ್ಗದವೆಲ್ಲ ನಕಲುಗಳೇ, ಅವು ಹೇಳಿಕೊಳ್ಳುವ 1.5 ಎಂಬ ಆವೃತ್ತಿಯನ್ನು ಆ ಕಂಪನಿ ಹೊರತಂದೇ ಇರಲಿಲ್ಲ. ನನ್ನದು ಹಲವು ಆದೇಶಗಳಿಗೆ ಬರಿಯ ಪ್ರಶ್ನಾರ್ಥಕ ಚಿಹ್ನೆಯನ್ನು ಮರಳಿಸುತ್ತದೆ. ಎಂಜಿನ್ನಿನ ಸಾಮಾನ್ಯ ಸಂಕೇತಗಳಿಗೆ ಇದರಿಂದ ಅಡ್ಡಿಯಿಲ್ಲ, ಆದರೆ ಎಬಿಎಸ್, ಏರ್‌ಬ್ಯಾಗ್ ಘಟಕಗಳನ್ನು ಓದಲು ಇದನ್ನು ನೆಚ್ಚಬಾರದು. ಘಟಕಗಳ ಒಳಗಿನ ತಂತ್ರಾಂಶವನ್ನು ಬದಲಿಸುವ ಕೆಲಸಕ್ಕಂತೂ ಬಳಸಲೇಬಾರದು. ಇದನ್ನು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: ಸಂಕೇತವನ್ನು ಅಳಿಸಿದಾಗ ದೋಷ ಉಂಟಾದ ಕ್ಷಣದ ದಾಖಲೆಯೂ, ಹೊಗೆ ನಿಯಂತ್ರಣದ ಸ್ವಪರೀಕ್ಷೆಗಳ ಫಲಿತಾಂಶಗಳೂ ಜೊತೆಯಲ್ಲೇ ಅಳಿಸಿಹೋಗುತ್ತವೆ. ಆದ್ದರಿಂದ ಅಳಿಸುವ ಗುಂಡಿ ಒತ್ತುವ ಮೊದಲು ಪರದೆಯ ಮೇಲಿರುವುದನ್ನೆಲ್ಲ ಒಂದು ಕಡತದಲ್ಲಿ ಉಳಿಸಿಕೊಳ್ಳಿ. ಕಾರನ್ನು ಆಮೇಲೆ ಮೆಕ್ಯಾನಿಕ್ ಬಳಿ ಒಯ್ಯಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ.