ಮಕ್ಕಳ ಕಂಪ್ಯೂಟರ್ ಕಾವಲು: ಯಾವುದು ಸುಮ್ಮನಿರುತ್ತದೆ, ಯಾವುದು ತಲೆ ತಿನ್ನುತ್ತದೆ

ಧಾರವಾಡದ ನಮ್ಮ ಮನೆಗೆಲ್ಲ ಒಂದೇ ಕಂಪ್ಯೂಟರ್, ಅದೂ ಪಡಸಾಲೆಯಲ್ಲಿ. ಎಂಟನೇ ಇಯತ್ತೆಯ ಮಗನಿಗೆ ಪ್ರಾಜೆಕ್ಟು, ನನಗೆ ಬ್ಯಾಂಕಿನ ಕೆಲಸ, ಹಾವೇರಿ ಕಡೆಯಿಂದ ಬರುವ ನಮ್ಮ ಮಾವನವರಿಗೆ ಬ್ಯಾಡಗಿ ಮೆಣಸಿನಕಾಯಿ ದರ. ಮಗನಿಗೆ ಬೇಡದ್ದು ಕಾಣಬಾರದು, ಆದರೆ ನಿಮಿಷಕ್ಕೊಂದು ಎಚ್ಚರಿಕೆಯೂ ಬೇಡ. ಇಷ್ಟೇ ಬೇಡಿಕೆ.

ಮೊದಲು ಹಾಕಿದ್ದು ದುಡ್ಡು ಕೊಟ್ಟು ತಂದ ಆ್ಯಂಟಿವೈರಸ್ ಜೊತೆಗೇ ಬಂದ ಪೇರೆಂಟಲ್ ಕಂಟ್ರೋಲ್. ಹೆಸರು ಬೇಡ. ತಡೆದ ಒಂದೊಂದು ಜಾಹೀರಾತಿಗೂ ಮೂಲೆಯಲ್ಲಿ ಕೆಂಪು ಕಿಟಕಿ ಏಳುತ್ತಿತ್ತು, ಎದ್ದ ಕೂಡಲೇ ಕರ್ಸರ್ ಕಸಿದುಕೊಳ್ಳುತ್ತಿತ್ತು. ‘ದ್ಯುತಿಸಂ’ ವರ್ಡ್‌ನಲ್ಲಿ, ‘ಶ್ಲೇಷಣೆ’ ಗಾಳಿಯಲ್ಲಿ. "ಅವ್ವಾ, ಮತ್ತ ಬಂತ ನೋಡು" ಅಂತ ಅಡುಗೆಮನೆಗೆ ಕೂಗು. ಎಚ್ಚರಿಕೆ ಆಫ್ ಮಾಡಿದರೆ ತಡೆಯುವುದೂ ನಿಂತಿತು. ಕಿತ್ತು ಹಾಕಿದೆ.

ಎರಡನೆಯದು ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ. ಮಗನಿಗೊಂದು ಪ್ರತ್ಯೇಕ ಖಾತೆ ಮಾಡಿ ನಮ್ಮ ಖಾತೆಗೆ ಜೋಡಿಸಬೇಕು. ಇದರ ವೆಬ್ ಫಿಲ್ಟರ್ ನಡೆಯುವುದು ಎಡ್ಜ್ ಬ್ರೌಸರ್‌ನಲ್ಲಿ ಮಾತ್ರ. ಹಾಗಾಗಿ ಫಿಲ್ಟರ್ ಆನ್ ಇದ್ದಾಗ ಕ್ರೋಮ್, ಫೈರ್‌ಫಾಕ್ಸ್ ತೆರೆಯುವುದಿಲ್ಲ, ಅನುಮತಿ ಕೇಳು ಅನ್ನುತ್ತದೆ. ಕೇಳಿದ್ದು ನನ್ನ ಫೋನಿಗೆ ಬರುತ್ತದೆ. ‘ಒಪ್ಪಿದ ತಾಣಗಳು ಮಾತ್ರ’ ಅಂತ ಇನ್ನಷ್ಟು ಬಿಗಿ ಮಾಡಿದ್ದಾಗ ಮಾವ ಮಗನ ಖಾತೆಯಲ್ಲೇ ಕೂತರು. ಮೆಣಸಿನಕಾಯಿ ದರ ನೋಡಲಿಕ್ಕೂ ಸೊಸೆಯ ಪರವಾನಗಿ ಬೇಕಾಯಿತು. "ಏನವ್ವಾ, ನಾನೂ ಸಣ್ಣ ಹುಡುಗನೇನು?" ಅಂದರು.

ಆದರೆ ಇದರಲ್ಲಿರುವ ಸಮಯದ ಮಿತಿ ಬೇರೆ ಮಾತು. ಹೊತ್ತು ಮುಗಿಯುವ ಮುಂಚೆ ತಿಳಿಸುತ್ತದೆ, ಹುಡುಗ ಫೈಲ್ ಸೇವ್ ಮಾಡಿಕೊಳ್ಳುತ್ತಾನೆ, ಬೇಕಿದ್ದರೆ ಹೆಚ್ಚು ಹೊತ್ತು ಕೇಳುತ್ತಾನೆ. ಆ ಒಂದು ಎಚ್ಚರಿಕೆ ಇರಲೇಬೇಕು. ವಿಂಡೋಸ್‌ನ ‘ನೆಟ್ ಯೂಸರ್’ ಆಜ್ಞೆಯಿಂದ ಲಾಗಿನ್ ಹೊತ್ತು ಕಟ್ಟಿಯೂ ನೋಡಿದೆ. ಅದು ಬಾಗಿಲಲ್ಲಿ ತಡೆಯುತ್ತದೆ, ಒಳಗೆ ಕೂತವನನ್ನು ಎಬ್ಬಿಸುವುದಿಲ್ಲ. ಮಗನಿಗೆ ಅದು ತಿಳಿಯಲು ಒಂದು ಸಂಜೆ ಸಾಕಾಯಿತು.

ಮೂರನೆಯದು ರೌಟರ್‌ನಲ್ಲಿ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸುವುದು. ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಮನೆಗಳಿಗಾಗಿ ಉಚಿತವಾಗಿ ಬಿಟ್ಟದ್ದು; ರೌಟರ್‌ನಲ್ಲಿ ತುಂಬಬೇಕಾದ ವಿಳಾಸಗಳು 1.1.1.3 ಮತ್ತು 1.0.0.3. ವೈರಸ್ ತಾಣಗಳನ್ನೂ ಅಶ್ಲೀಲ ತಾಣಗಳನ್ನೂ ಹೆಸರು ಹುಡುಕುವ ಹಂತದಲ್ಲೇ ತಡೆಯುತ್ತದೆ. ಮೂಲೆಯಲ್ಲಿ ಕಿಟಕಿಯಿಲ್ಲ, ಪರವಾನಗಿ ಚೀಟಿಯಿಲ್ಲ. ಪುಟ ತೆರೆಯುವುದಿಲ್ಲ, ಅಷ್ಟೇ. ಅದೇ ವೈಫೈ ಹಿಡಿದ ಟಿವಿ, ಫೋನಿಗೂ ಅನ್ವಯ. ಆದರೆ ತಡೆದರೆ ಇಡೀ ತಾಣ, ಬಿಟ್ಟರೆ ಇಡೀ ತಾಣ. ಯೂಟ್ಯೂಬ್‌ನೊಳಗೆ ಒಂದು ವಿಡಿಯೊ ಬಿಟ್ಟು ಇನ್ನೊಂದನ್ನು ಆರಿಸಲು ಇದಕ್ಕೆ ಬರುವುದಿಲ್ಲ. ಅದಕ್ಕೆ ಯೂಟ್ಯೂಬ್‌ನದೇ ‘ರಿಸ್ಟ್ರಿಕ್ಟೆಡ್ ಮೋಡ್’ ಬೇರೆ ಹಾಕಬೇಕು, ಆಗ ಕಾಮೆಂಟುಗಳೂ ಮರೆಯಾಗುತ್ತವೆ (ಅದು ಲಾಭವೇ). ಕ್ರೋಮ್‌ನ ‘ಸೆಕ್ಯೂರ್ ಡಿಎನ್‌ಎಸ್’ನಲ್ಲಿ ಬೇರೆ ಸೇವೆ ಆರಿಸಿಕೊಂಡರೆ ರೌಟರ್ ಮಾತು ನಡೆಯುವುದಿಲ್ಲ.

ಈಗ ಮನೆಯಲ್ಲಿ ಇರುವುದು ಹೀಗೆ: ತಾಣಗಳ ಕಾವಲು ರೌಟರ್‌ಗೆ, ಹೊತ್ತಿನ ಕಾವಲು ಫ್ಯಾಮಿಲಿ ಸೇಫ್ಟಿಗೆ, ಅದರ ವೆಬ್ ಫಿಲ್ಟರ್ ಆಫ್. ಕ್ರೋಮ್ ತಕರಾರಿಲ್ಲದೆ ತೆರೆಯುತ್ತದೆ. ಮಾವನವರಿಗೆ ಬೇರೆ ಖಾತೆ. ಉಳಿದ ಸಂದಿ ಎಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ಅದರ ಪಾಸ್‌ವರ್ಡ್ ಮಗನಿಗೆ ಬಾಯಿಪಾಠ ಇತ್ತು, ಬದಲಿಸಿದ್ದೇನೆ.