ಹಳೇ ಸ್ಕೆಚ್‌ಬುಕ್ ಲ್ಯಾಮಿನೇಶನ್‌ಗೆ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ನಮ್ಮ ತಾತ ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಅವರ ಒಂದೇ ಒಂದು ಸ್ಕೆಚ್‌ಬುಕ್ ಉಳಿದಿತ್ತು. ದೇವರಾಜ ಮಾರುಕಟ್ಟೆಯ ವೀಳ್ಯದೆಲೆ ಅಂಗಡಿ, ಟಾಂಗಾ ಕುದುರೆ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಜ್ಜಿ. ಹಾಳೆಯ ಅಂಚು ಟೀ ಬಣ್ಣಕ್ಕೆ ತಿರುಗಿತ್ತು, ನಡುವೆ ಇನ್ನೂ ಬೆಳ್ಳಗಿತ್ತು. ತಾತ ಪೆನ್ಸಿಲ್ ಒತ್ತಿ ಎಳೆಯೋರು. ಹಾಳೆ ತಿರುವಿ ಹಿಂದುಗಡೆ ಬೆರಳಾಡಿಸಿದರೆ ಕುದುರೆಯ ಬೆನ್ನು ಕೈಗೆ ಸಿಗುತ್ತಿತ್ತು. ಇದ್ದಿಲಿನ ಚಿತ್ರಗಳ ಪುಡಿ ಎದುರಿನ ಪುಟಕ್ಕೆ ಹತ್ತಿ ಅಲ್ಲೂ ಮಸುಕಾಗಿ, ಎಡಬಲ ಅದಲುಬದಲಾಗಿ ಮೂಡಿತ್ತು. ಚಿಕ್ಕವಳಿದ್ದಾಗ ನನಗೆ ಆ ಕಳ್ಳ ಚಿತ್ರಗಳೇ ಇಷ್ಟ.

ಮೂಲೆಗಳು ಹಪ್ಪಳದ ಹಾಗೆ ಮುರಿಯತೊಡಗಿದವು. ಜೆರಾಕ್ಸ್ ಅಂಗಡಿಯಾತ "ಲ್ಯಾಮಿನೇಶನ್ ಮಾಡಿದ್ರೆ ನೂರು ವರ್ಷ ಏನೂ ಆಗಲ್ಲ ಮೇಡಂ" ಅಂದ. ಒಂದು ಫೋಟೋ ಕೂಡ ತೆಗೆದುಕೊಳ್ಳದೆ ಕೊಟ್ಟುಬಂದೆ.

ಸಂಜೆ ಹೋದರೆ ಪುಸ್ತಕವೇ ಇಲ್ಲ, ಪ್ಲಾಸ್ಟಿಕ್ ಹಾಳೆಗಳ ಕಟ್ಟು! ಹೊಲಿಗೆ ಬಿಚ್ಚುವ ಗೋಜಿಗೆ ಹೋಗದೆ ಬೆನ್ನನ್ನೇ ಕತ್ತರಿಸಿದ್ದ. ಎರಡು ಪುಟಕ್ಕೆ ಹರಡಿದ್ದ ಟಾಂಗಾದಲ್ಲಿ ಕುದುರೆ ಒಂದು ಕಡೆ, ಗಾಡಿ ಒಂದು ಕಡೆ, ನಡುವಿನ ಮೂಕಿ ಕಸದ ಬುಟ್ಟಿಗೆ. ತಾತ ತಾರೀಖು ಬರೆಯುತ್ತಿದ್ದದ್ದು ಅಂಚಿನಲ್ಲಿ. ನೀಟಾಗಿರಲಿ ಅಂತ ಅದೂ ಹೋಗಿತ್ತು. ಮೆಷಿನ್ನಿನ ಬಿಸಿ 100 ಡಿಗ್ರಿ ದಾಟುತ್ತದಂತೆ. ಕ್ರೇಯಾನಿನ ಮೇಣಕ್ಕೆ ಅಷ್ಟೆಲ್ಲ ಬೇಕೇ? ಅಜ್ಜಿಯ ಸೀರೆಯ ಕೆಂಪು ಕರಗಿ ಕೆನ್ನೆಗೆ ಹಬ್ಬಿತ್ತು. ಅವನನ್ನು ಬೈದು ಏನು ಬಂತು, ದಿನವೂ ಮಾರ್ಕ್ಸ್ ಕಾರ್ಡ್ ಹಾಕುವ ಕೈ.

ಹಳೇ ಕಾಗದ ಸರಿಮಾಡುವವರೊಬ್ಬರಿಗೆ ತೋರಿಸಿದೆ. ಪ್ಲಾಸ್ಟಿಕ್ಕಿನ ಅಂಟು ಕರಗಿ ಕಾಗದದ ನಾರಿಗೇ ಇಳಿದಿದೆ, ಕೀಳಲು ಹೋದರೆ ಮೊದಲು ಇದ್ದಿಲೇ ಎದ್ದು ಬರುತ್ತದೆ ಅಂದರು. ಕಾಗದದೊಳಗಿನ ಆಮ್ಲವೂ ಅಲ್ಲೇ ಉಳಿದು ಕಾಗದವನ್ನು ಒಳಗಿಂದ ತಿನ್ನುತ್ತಲೇ ಇರುತ್ತದಂತೆ. ಅವರು ಹರಿದ ಕಡೆ ಹಚ್ಚುವುದು ತೆಳ್ಳನೆಯ ಜಪಾನಿ ಕಾಗದ, ಗೋಧಿ ಗಂಜಿಯ ಅಂಟು. ಬೇಡವೆಂದರೆ ನೀರು ತಾಗಿಸಿ ಬಿಡಿಸಬಹುದು.

ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಮೊದಲು ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪ್ರತಿ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ. ಸೆಲ್ಲೋಟೇಪ್ ಬೇಡ. ಇದ್ದಿಲಿನ ಚಿತ್ರಕ್ಕೆ ಪ್ಲಾಸ್ಟಿಕ್ ಕವರೂ ಬೇಡ, ಪುಡಿಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಬರುವ ಗೋಡೆಯಿಂದ ದೂರವಿಡಿ. ರಿಪೇರಿ ಬೇಕಿದ್ದರೆ ಬೆಂಗಳೂರಿನಲ್ಲಿ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸುವ ಸಂಸ್ಥೆಯವರ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ನನಗೆ ಇದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.