ಬಾಲಿಯೋ, ಮಾರಿಷಸ್ಸೋ? ಹುಬ್ಬಳ್ಳಿಯಿಂದ ಹೊರಡುವವರಿಗೆ

ಜ್ವಾಲಾಮುಖಿ ದ್ವೀಪಕ್ಕೆ ಹೋಗೋಣ ಅನ್ನುವವರು ಮೊದಲು ಮನೆಯಲ್ಲಿ ಒಂದು ಮಾತು ಬಗೆಹರಿಸಿಕೊಳ್ಳಬೇಕು. ಬೇಕಿರುವುದು ಇನ್ನೂ ಬಿಸಿ ಆರದ ಬೆಟ್ಟವೋ, ಬೆಂಕಿ ಆರಿ ಕಾಡು ಬೆಳೆದ ಬೆಟ್ಟವೋ? ಮೊದಲನೆಯದಕ್ಕೆ ಬಾಲಿ, ಎರಡನೆಯದಕ್ಕೆ ಮಾರಿಷಸ್. ಬಿಸಿಲು, ಸಮುದ್ರ ಎರಡೂ ಕಡೆ ಬೇಕಾದಷ್ಟಿವೆ. ಎರಡನ್ನೂ ಮನೆಮಂದಿ ಜೊತೆ ನೋಡಿ ಬಂದು ಬರೆಯುತ್ತಿದ್ದೇನೆ.

ಬಾಲಿಯಲ್ಲಿ ನೋಡಲೇಬೇಕಾದ್ದು ಬಾತೂರ್. 1,717 ಮೀಟರ್ ಎತ್ತರ. ಹಳೆಯ ಒಂದು ದೊಡ್ಡ ಸ್ಫೋಟದಿಂದ ಕುಸಿದ ಬಟ್ಟಲಿನೊಳಗೆ ಈ ಬೆಟ್ಟ ಎದ್ದಿದೆ, ಪಕ್ಕದಲ್ಲೇ ಕೆರೆ. ಸೂರ್ಯೋದಯಕ್ಕೆ ಮೇಲಿರಬೇಕೆಂದರೆ ಉಬುದ್ ಕಡೆ ಉಳಿದವರು ರಾತ್ರಿ ಎರಡರ ಹೊತ್ತಿಗೇ ಹೊರಡಬೇಕು. ಸ್ಥಳೀಯ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ. ಸುಮಾರು ಎರಡು ತಾಸಿನ ಏರು. ಕೊನೆಯ ಭಾಗದಲ್ಲಿ ಸಡಿಲ ಬೂದಿಕಲ್ಲು ಕಾಲ ಕೆಳಗೆ ಜಾರುತ್ತದೆ. ಬಿಸಿಲಿನ ದ್ವೀಪ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ, ಮೇಲೆ ಗಾಳಿ ಕೊರೆಯುತ್ತದೆ. ಆದರೆ ಬಂಡೆ ಸಂದಿಯಿಂದ ಬರುವ ಬಿಸಿ ಹಬೆಗೆ ಅಂಗೈ ಹಿಡಿದಾಗ ಆ ನಿದ್ದೆಗೇಡು ಎಲ್ಲಾ ಮರೆತುಹೋಗುತ್ತದೆ. ಗೈಡುಗಳು ಅದೇ ಹಬೆಯಲ್ಲಿ ಮೊಟ್ಟೆ ಬೇಯಿಸಿ ಕೊಡುತ್ತಾರೆ. ಎದುರಿಗೆ ಅಗುಂಗ್ ಬೆಟ್ಟ, ಮೂರು ಸಾವಿರ ಮೀಟರ್ ಮೀರಿದ್ದು.

ಮೊಣಕಾಲು ನೋವಿನವರು ಹತ್ತುವುದು ಬೇಡ. ಜೀಪುಗಳು ಕೆಳಗಿನ ಕಪ್ಪು ಲಾವಾ ಬಯಲಿನವರೆಗೆ ಕರೆದೊಯ್ಯುತ್ತವೆ. ಅದೂ ಬೇಡವಾದರೆ ಕಿಂತಾಮಣಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಇಡೀ ಬೆಟ್ಟ ನೋಡಬಹುದು. ಅವ್ವ ಇದನ್ನೇ ಆರಿಸಿಕೊಂಡಳು. ನಮ್ಮೆಲ್ಲರಿಗಿಂತ ಒಳ್ಳೆಯ ಫೋಟೋ ಅವಳದ್ದೇ.

ಮಾರಿಷಸ್‌ನಲ್ಲಿ ಬಾತೂರ್‌ಗೆ ಜೋಡಿ ಕ್ಯೂರ್‌ಪಿಪ್ ಊರಿನ ತ್ರೂ ಓ ಸೆರ್ಫ್ ಎಂಬ ಹಳೆಯ ಜ್ವಾಲಾಮುಖಿ. ಬೆಟ್ಟದ ತುದಿಗೆ ರಸ್ತೆ, ತುದಿಯ ಸುತ್ತ ನಡೆಯುವ ದಾರಿ, ಕೆಳಗೆ ಮರ ತುಂಬಿದ ಗುಂಡಿ. ಅವ್ವ ಇಣುಕಿ ನೋಡಿ, "ಅಲ್ಲೋ, ಇದರಾಗ ಬೆಂಕಿ ಎಲ್ಲೈತಿ?" ಅಂದಳು. ನ್ಯಾಯವಾದ ಪ್ರಶ್ನೆ ಬಿಡಿ. ಜ್ವಾಲಾಮುಖಿ ನೋಡಲೆಂದೇ ಹೋದರೆ ಮಾರಿಷಸ್ ಸಪ್ಪೆ. ಆದರೆ ಹಳೆಯ ಲಾವಾದ ಮಣ್ಣು ಬಣ್ಣಬಣ್ಣದ ದಿಬ್ಬಗಳಾಗಿ ನಿಂತ ಶಾಮರೆಲ್, ಸಮುದ್ರದ ಅಂಚಿಗೆ ಗೋಡೆಯಂತೆ ಎದ್ದ ಲೆ ಮಾರ್ನ್ ಬೆಟ್ಟ ತಪ್ಪಿಸಬಾರದು. ಗ್ರ್ಯಾಂಡ್ ಬಾಸಿನ್ ಅಂದರೆ ಗಂಗಾ ತಲಾವ್ ಕೂಡ ಜ್ವಾಲಾಮುಖಿಯ ಬಾಯಲ್ಲೇ ನಿಂತ ಕೆರೆ. ಶಿವರಾತ್ರಿಗೆ ಅಲ್ಲಿ ದೊಡ್ಡ ಜಾತ್ರೆ. ಅವ್ವನ ಮನಸ್ಸು ಅಲ್ಲಿ ನಿಂತಿತು.

ನೀರಿಗಿಳಿಯುವ ವಿಷಯದಲ್ಲಿ ಮಾತ್ರ ಮಾರಿಷಸ್ ಬಹಳ ಮುಂದೆ. ದ್ವೀಪದ ಸುತ್ತ ಬಹುಪಾಲು ಹವಳದ ದಿಬ್ಬ ಇರುವುದರಿಂದ ದೊಡ್ಡ ಅಲೆ ಹೊರಗೇ ಒಡೆಯುತ್ತದೆ, ಒಳಗಿನ ನೀರು ತಿಳಿ, ಮಕ್ಕಳಿಗೆ ಆಡಲು ನಿರಾಳ. ಬಾಲಿಯ ಕುಟಾ ಕಡೆ ಅಲೆ ಜೋರು, ಅದು ಸರ್ಫಿಂಗ್‌ನವರ ಜಾಗ. ಕಪ್ಪು ಮರಳು ನೋಡಬೇಕಾದರೆ ಬಾಲಿಯ ಉತ್ತರಕ್ಕೆ, ಲೋವಿನಾ ಕಡೆ ಹೋಗಿ.

ಊಟದಲ್ಲೂ ಅಷ್ಟೇ. ಬಾಲಿಯ ಸಂಬಾಲ್ ಚಟ್ನಿಗೆ ಒಣ ಸಿಗಡಿ ಸೇರಿಸುವ ರೂಢಿ ಇದೆ. ಶಾಕಾಹಾರಿಗಳು ಪ್ರತಿ ಸಲ ಕೇಳಿಯೇ ತಿನ್ನಬೇಕು. ಮಾರಿಷಸ್‌ನಲ್ಲಿ ಬೀದಿಬದಿಗೇ ದಾಲ್ ಪುರಿ ಸಿಗುತ್ತದೆ, ಬೆಲ್ಲ ಹಾಕದ ಹೋಳಿಗೆ ಅನ್ನಬಹುದು. ಒಳಗೆ ರುಬ್ಬಿದ ಬೇಳೆ, ಜೊತೆಗೆ ಪಲ್ಯ, ಖಾರ. ಚೀಲದಲ್ಲಿದ್ದ ಶೇಂಗಾ ಹಿಂಡಿ ಅಲ್ಲಿ ಅರ್ಧ ಹಾಗೇ ಉಳಿಯಿತು. ಬಾಲಿಯಲ್ಲಿ ನಾಲ್ಕೇ ದಿನಕ್ಕೆ ಖಾಲಿ.

ಖರ್ಚಿಗೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಬಾಲಿಯಲ್ಲಿ ಇಳಿದ ಮೇಲೆ ರೂಮು, ಊಟ, ಸ್ಕೂಟರ್ ಎಲ್ಲಾ ಅಗ್ಗ. ವೀಸಾಕ್ಕೆ ತಲೆಗೆ 5 ಲಕ್ಷ ರುಪಿಯಾ (ಇಂಡೋನೇಷ್ಯಾದ ಹಣ), 2024ರಿಂದ ಬಂದ ಪ್ರವಾಸಿ ತೆರಿಗೆ 1.5 ಲಕ್ಷ ರುಪಿಯಾ. ಅಂಕಿ ನೋಡಿ ಗಾಬರಿಯಾಗಬೇಡಿ, ಎರಡೂ ಸೇರಿ ನಮ್ಮ ಮೂರೂವರೆ ಸಾವಿರ ರೂಪಾಯಿ ಆಸುಪಾಸು. ಮಾರಿಷಸ್‌ಗೆ ಪ್ರವಾಸಿಗಳಾಗಿ ಹೋಗುವ ಭಾರತೀಯರು ಮುಂಚೆ ವೀಸಾ ಮಾಡಿಸಬೇಕಿಲ್ಲ. ಆದರೆ ಅಲ್ಲಿ ಟ್ಯಾಕ್ಸಿ, ಹೋಟೆಲ್ ದುಬಾರಿ. ಪೋರ್ಟ್ ಲೂಯಿಯಿಂದ ಕ್ಯೂರ್‌ಪಿಪ್‌ಗೆ ಮೆಟ್ರೋ ಇದೆ, ಅದನ್ನೇ ಬಳಸಿ. ಬಾಲಿಯ ದಕ್ಷಿಣದ ಟ್ರಾಫಿಕ್ ಬಗ್ಗೆ ಮಾತೇ ಬೇಡ. ಹಳೇ ಹುಬ್ಬಳ್ಳಿಯವರಿಗೂ ತಾಳ್ಮೆ ತಪ್ಪುತ್ತದೆ.

ಪ್ರಯಾಣ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಬಾಲಿಗೆ ರಾತ್ರಿ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ನೇರ ವಿಮಾನ. ಮಾರಿಷಸ್‌ಗೆ ಮುಂಬೈಯಿಂದ ಸುಮಾರು ಆರು ತಾಸು.

ಅಜ್ಜಿ, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಮಾರಿಷಸ್ ಅನ್ನುತ್ತೇನೆ. ಕಾಲಲ್ಲಿ ಕಸುವಿರುವವರು ಸುಮ್ನೆ ಯೋಚಿಸುತ್ತಾ ಕೂರದೆ ಬಾಲಿಗೆ ಹೋಗಿ. ಆದರೆ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಬೂದಿಯಿಂದ ವಿಮಾನ ರದ್ದಾದರೆ ಹಣ ಬರುತ್ತದೆಯೇ ಅಂತ ಓದಿ ನೋಡಿ. 2017ರಲ್ಲಿ ಅಗುಂಗ್ ಕೆರಳಿದಾಗ ಬಾಲಿಯ ವಿಮಾನ ನಿಲ್ದಾಣವೇ ಮುಚ್ಚಿತ್ತು. ಮಾರ್ಚ್‌ನ ನ್ಯೇಪಿಯಂದೂ, ಅಂದರೆ ಬಾಲಿಯವರ ಹೊಸವರ್ಷದ ಮೌನದ ದಿನದಂದೂ, ನಿಲ್ದಾಣ ಇಡೀ ದಿನ ಬಂದ್, ಪ್ರವಾಸಿಗರೂ ಹೋಟೆಲ್ ಬಿಟ್ಟು ಬೀದಿಗೆ ಬರುವ ಹಾಗಿಲ್ಲ. ಇದು ಎಷ್ಟೋ ವರ್ಷ ನಮ್ಮ ಯುಗಾದಿಯ ಆಸುಪಾಸಿಗೇ ಬರುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಪಂಚಾಂಗ ನೋಡಿ. ಮೇ ಅಥವಾ ದಸರಾ ರಜೆ ಎರಡೂ ದ್ವೀಪಕ್ಕೂ ಸರಿ. ಡಿಸೆಂಬರ್ ಮಾತ್ರ ಬೇಡ: ಬಾಲಿಯಲ್ಲಿ ಮಳೆ, ಮಾರಿಷಸ್‌ನಲ್ಲಿ ಚಂಡಮಾರುತದ ಕಾಲ, ದರವೂ ಜಾಸ್ತಿ.